ಎಮ್ಮೆಗೆ ಗೆರೆ ಕಟ್ಟಿದ್ದು

ಶನಿವಾರ, ಜುಲೈ 5

ಇವತ್ತೂ ಅರ್ಧ ತಾಸು ಪೆನ್ಸಿಲ್ ಚೂಪು ಮಾಡುವುದರಲ್ಲೇ ಹೋಯಿತು. ಮೂರನೆಯ ತರಗತಿ, ಇಪ್ಪತ್ತಮೂರು ಮಕ್ಕಳು, ಮೆಂಡರ್ ಒಂದೇ. ಅದೂ ಮೊಂಡು.

ಗುಡ್ಡದ ಚಿತ್ರ ತೆಗೆಯಿರಿ ಅಂದರೆ ಎಲ್ಲರದೂ ಎರಡು ತ್ರಿಕೋನ, ನಡುವೆ ಸೂರ್ಯ, ಕೆಳಗೆ ಹೊಳೆ. ಈ ಬೈರಿದೇವರಕೊಪ್ಪದಲ್ಲಿ ಹೊಳೆ ಎಲ್ಲಿದೆ? ಬೈದೆ. ಒಬ್ಬ ಅತ್ತ. ಐದನೆಯ ತರಗತಿಗೆ ಶಾಲೆ ಬಿಟ್ಟು ಕಮರಿಪೇಟೆಯಲ್ಲಿ ಬೋರ್ಡು ಬರೆದು ಮುದುಕನಾದ ನಾನು ಈಗ ಸರಕಾರಿ ಶಾಲೆಯ ಡ್ರಾಯಿಂಗ್ ಮಾಸ್ತರ. ಫ್ಲೆಕ್ಸ್ ಬಂದು ಕೆಲಸ ಹೋಯಿತು, ಕೈ ಸುಮ್ಮನಿರಲಿಲ್ಲ. ಪುಕ್ಕಟೆ ಬರುತ್ತೇನೆ ಅಂದೆ. ಹೆಡ್‌ಮಿಸ್ ವಾಣಿಶ್ರೀ ಅಕ್ಕೋರು ಶನಿವಾರ ಕೊಟ್ಟರು.

ಕೊನೆಯ ಸಾಲಿನ ಸುಜಾತಾ ಗುಡ್ಡವನ್ನೂ ತೆಗೆಯಲಿಲ್ಲ. ಮನೆಯಲ್ಲಿ ಮಾತಾಡುತ್ತಾಳಂತೆ, ಶಾಲೆಯಲ್ಲಿ ಬಾಯೇ ಬಿಡುವುದಿಲ್ಲವಂತೆ. ಬಿಡದಿದ್ದರೆ ಬಿಡಲಿ.

ಶನಿವಾರ, ಜುಲೈ 19

ಮನೆಯಲ್ಲಿ ದಿನಾ ಕಾಣುವುದನ್ನು ತೆಗೆಯಿರಿ ಅಂದೆ. ಸುಜಾತಾ ಎಮ್ಮೆ ತೆಗೆದಳು. ಹಾಳೆ ತುಂಬ. ನಾಲ್ಕು ಕಾಲು ನಾಲ್ಕು ದಿಕ್ಕಿಗೆ. ಹೊಟ್ಟೆಯೊಳಗೆ ಮತ್ತೇನೋ.

"ಹೊಟ್ಟ್ಯಾಗ ಏನವಾ ಇದು, ಕುಂಬಳಕಾಯಿ?"

ಮಕ್ಕಳು ನಕ್ಕವು. ಆಕೆ ನನ್ನ ಮುಖ ನೋಡಿ, "ಕರಾ. ಇನ್ನಾ ಹುಟ್ಟಿಲ್ಲ" ಎಂದಳು.

ಮಕ್ಕಳೆಲ್ಲ ಹಿಂದಿರುಗಿ ಅವಳನ್ನೇ ನೋಡಿದವು. ಅಕ್ಕೋರು ಬಾಗಿಲಲ್ಲಿ ನಿಂತಿದ್ದರು. "ಕಾಕಾ, ಈಕಿ ಎರಡ ವರ್ಷದಾಗ ನಮ್ಮ ಮುಂದ ಒಂದ ಮಾತ ಆಡಿಲ್ರಿ."

"ಈಗ ಆಡ್ಯಾಳಲ್ಲ. ಬರಕೋರಿ ನಿಮ್ಮ ರಜಿಸ್ಟರದಾಗ."

ಹೊರಗೆ ಬಂದು ಬೀಡಿ ಹಚ್ಚಲು ಹೋದರೆ ಕಡ್ಡಿ ನಿಲ್ಲಲಿಲ್ಲ. ಗಾಳಿ ಇರಬೇಕು.

ಶನಿವಾರ, ಜುಲೈ 26

ಸುಜಾತಾ ಕರೆಯದೆ ತಾನೇ ಬಂದಳು. ಈ ವಾರ ಹೊಟ್ಟೆಯೊಳಗಿನ ಕರು ಸ್ವಲ್ಪ ದೊಡ್ಡದು. ಕಿವಿ ಬಂದಿವೆ. "ಅದು ಒದೀತೈತ್ರಿ, ನಾ ಕೈ ಇಟ್ಟ ನೋಡೇನಿ" ಎಂದಳು. ಉಳಿದವರನ್ನು ಬಿಟ್ಟು ಪೂರ್ತಿ ಪೀರಿಯಡ್ ಅವಳ ಹತ್ತಿರ ಕೂತೆ. ಬಸ್ಸಿನಲ್ಲಿ ಬರುವಾಗ ನನ್ನ ಸ್ಟಾಪ್ ದಾಟಿ ಹೋಯಿತು.

ಬುಧವಾರ, ಆಗಸ್ಟ್ 6. ಸಂಜೆ

ನಾಳೆ ಸುತ್ತಲಿನ ಶಾಲೆಗಳ ಚಿತ್ರ ಪ್ರದರ್ಶನ. ನಮ್ಮದು ಹನ್ನೊಂದು ಚಿತ್ರ. ರಟ್ಟಿಗೆ ಅಂಟಿಸಲು ಮನೆಗೆ ತಂದೆ. ಸಾಲಾಗಿ ಇಟ್ಟು ನೋಡಿದರೆ ಒಂದರ ಗೆರೆಯೂ ನೆಟ್ಟಗಿಲ್ಲ. ಹೀಗೇ ಕಳಿಸಿದರೆ ನಗುತ್ತಾರೆ. ಮಕ್ಕಳನ್ನು ನೋಡಿಯೋ, ನನ್ನನ್ನು ನೋಡಿಯೋ.

ಬೋರ್ಡಿನ ಅಂಗಡಿಯಲ್ಲಿ ನಮ್ಮ ಪದ್ಧತಿ ಒಂದೇ. ಕೆಳಗಿನವರು ಬಣ್ಣ ತುಂಬಬೇಕು, ಕೊನೆಗೆ ಉಸ್ತಾದ, ಅಂದರೆ ನಾನು, ಸುತ್ತ ಕಪ್ಪು ಗೆರೆ ಕಟ್ಟಬೇಕು. ಗೆರೆ ಕಟ್ಟದ ಮಾಲು ಹೊರಗೆ ಹೋಗಬಾರದು. ಬ್ರಶ್ಶು ತೆಗೆದೆ. ಹನ್ನೊಂದಕ್ಕೂ ಕಟ್ಟಿದೆ. ಎಮ್ಮೆಯ ಕಾಲು ಇರಬೇಕಾದ ಜಾಗಕ್ಕೆ ತಂದೆ, ಹೊಟ್ಟೆಗೆ ಕಪ್ಪು ತುಂಬಿದೆ. ಈಗ ಎಮ್ಮೆ ಎಮ್ಮೆಯ ಹಾಗಿದೆ. ಎಷ್ಟೋ ದಿನಕ್ಕೆ ಕೈ ನಡುಗಲಿಲ್ಲ.

ಗುರುವಾರ, ಆಗಸ್ಟ್ 7

ತೀರ್ಪು ಕೊಡಲು ಬಂದವರು ಹೈಸ್ಕೂಲಿನ ಡ್ರಾಯಿಂಗ್ ಸರ್. ನಮ್ಮ ಸಾಲಿನ ಮುಂದೆ ಎರಡು ನಿಮಿಷ ನಿಂತರು.

"ಇವು ಹನ್ನೊಂದೂ ಒಂದ ಕೈ ಅವ. ಪೇಂಟರ್ ಕೈ. ತಗಸ್ರಿ."

"ಪೇಂಟರ್ ಕೈ ಅಂದ್ರ ಕಳ್ಳರ ಕೈ ಏನ್ರಿ?" ಎಂದೆ. ದನಿ ಏರಿತು. ಇನ್ನೂ ಏನೇನೋ ಅಂದೆ. ಅಕ್ಕೋರು ತೋಳು ಹಿಡಿದು ಹೊರಗೆ ಕರೆತಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಚಿತ್ರಗಳನ್ನು ಇಳಿಸಿ ಬೆಂಚಿನ ಮೇಲೆ ಇಟ್ಟಿದ್ದರು. ಸುಜಾತಾ ತನ್ನದನ್ನು ಹುಡುಕಿದಳು, ಸಿಗಲಿಲ್ಲ. ನಾನೇ ಆರಿಸಿ ಕೊಟ್ಟೆ.

"ಕರಾ ಎಲ್ಲೈತ್ರಿ?"

"ಒಳಗ ಐತಿ. ಹೊರಗಿಂದ ಕಾಣೂದಿಲ್ಲ ಅಷ್ಟ."

ಉಗುರಿನಿಂದ ಹೊಟ್ಟೆಯ ಕಪ್ಪನ್ನು ಕೆರೆದಳು. ಎನಾಮಲ್ ಬಣ್ಣ. ಕೆರೆದರೆ ಹಾಳೆಯೇ ಬರುತ್ತದೆ. ಬಂತು.

ಶನಿವಾರ, ಆಗಸ್ಟ್ 9

ಹಾಳೆ ಹಂಚಿದೆ. ಯಾರೂ ಪೆನ್ಸಿಲ್ ಎತ್ತಲಿಲ್ಲ. "ನೀವ ತಗೀರಿ ಅಜ್ಜಾ, ನಮಗ ಬರೂದಿಲ್ಲ." ಒಬ್ಬರು ಅಂದಿದ್ದೇ ತಡ, ಎಲ್ಲರೂ. ಸುಜಾತಾ ಅದನ್ನೂ ಅನ್ನಲಿಲ್ಲ. ಖಾಲಿ ಹಾಳೆ ಮಡಚಿ ಮೇಜಿನ ಮೇಲಿಟ್ಟು ಹೋದಳು. ಬಾಯಿ ಮತ್ತೆ ಮುಚ್ಚಿದೆ.

ಭಾನುವಾರ, ಆಗಸ್ಟ್ 10

ಚಹಾದಂಗಡಿಯಲ್ಲಿ ಮೌಲಾಲಿ. ನನ್ನ ಕೈಕೆಳಗೆ ಮೂವತ್ತು ವರ್ಷ ಬಣ್ಣ ತುಂಬಿದವನು. ಎಲ್ಲ ಹೇಳಿದೆ. ಅಯ್ಯೋ ಪಾಪ ಅನ್ನುತ್ತಾನೆ ಅಂದುಕೊಂಡಿದ್ದೆ. ನಕ್ಕ.

"ಶಂಭ್ಯಾ, ಗಣಪತಿ ಪೆಂಡಾಲಿನ ಹುಲಿ ನೆನಪೈತೇನ? ಅದರ ಕಣ್ಣ ನಾ ಬರದಿದ್ದೆ. ನೀ ಅದರ ಮ್ಯಾಲ ಗೆರಿ ಎಳದಿ."

"ಮೆಳ್ಳಗಣ್ಣ ಇತ್ತಲೇ ಅದು."

"ಇರ್ಲಿ, ನನ್ನ ಮೆಳ್ಳಗಣ್ಣ ಇತ್ತು. ಮುಂದ ನಾ ಕಣ್ಣ ಬರದಿದ್ದ ನೋಡೀಯೇನು?"

ನೋಡಿಲ್ಲ. ಮೂವತ್ತು ವರ್ಷದಲ್ಲಿ ಯಾಕೆಂದು ಕೇಳಿಯೂ ಇಲ್ಲ. ಚಹಾ ಅರ್ಧಕ್ಕೆ ಬಿಟ್ಟು ಎದ್ದುಬಂದೆ.

ಶನಿವಾರ, ಆಗಸ್ಟ್ 30

ನಡುವೆ ಎರಡು ಶನಿವಾರ ಹೋದೆ, ಬಂದೆ. ಬರೆಯುವಂಥದ್ದಿಲ್ಲ.

ಇವತ್ತು ಸುಜಾತಾಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಮಂಡಿ ಲಟಲಟ ಅಂದವು. "ತಪ್ಪ ಆತವಾ ನಂದು" ಎಂದೆ. ಹೆಂಡತಿ ಸಾಯುವ ತನಕ ಅವಳಿಗೂ ಈ ಮಾತು ಆಡಿದವನಲ್ಲ. "ಎಮ್ಮಿ ಕರಾ ಹಾಕಿತೇನು?" ಹೌದೆಂಬಂತೆ ತಲೆಯಾಡಿಸಿದಳು. "ಹಂಗಾರ ಕರಾ ತಗಿ, ನೋಡೂಣು." ಹಾಳೆಯನ್ನು ನನ್ನ ಕಡೆ ತಳ್ಳಿದಳು.

ಖುಷಿಯಾಗಲಿ ಎಂದು ತೆಗೆದುಕೊಟ್ಟೆ. ಎಮ್ಮೆ, ಪಕ್ಕದಲ್ಲಿ ಕರು. ತೆಗೆಯಬಾರದಿತ್ತು. ಅದು ಈಗ, ಬರೆಯುವಾಗ ತಿಳಿಯುತ್ತಿದೆ.

ಶನಿವಾರ, ಸೆಪ್ಟೆಂಬರ್ 13

ಗೋಡೆಯ ತುಂಬ ಎಮ್ಮೆ. ನಾನು ತೆಗೆದುಕೊಟ್ಟ ಹಾಳೆಯನ್ನು ಕಿಟಕಿಯ ಗಾಜಿಗೆ ಹಿಡಿದು, ಮೇಲೆ ಇನ್ನೊಂದು ಹಾಳೆ ಇಟ್ಟು ಸುಜಾತಾ ತಿದ್ದಿದ್ದಾಳೆ. ಒಂದಲ್ಲ, ಒಂಬತ್ತು. ಅವಳನ್ನು ನೋಡಿ ಉಳಿದವರೂ. ಕಾಲು ಇರಬೇಕಾದ ಜಾಗದಲ್ಲಿ ಕಾಲು. ಸುತ್ತ ಕಪ್ಪು ಗೆರೆ.

ಅಕ್ಕೋರಿಗೆ ಸಂತೋಷವೋ ಸಂತೋಷ. "ಖರೇ ಹೇಳ್ತೇನ್ರಿ ಕಾಕಾ, ಇಷ್ಟ ನೀಟಾಗಿ ಯಾರೂ ಕಲಿಸಿರಲಿಲ್ಲ. ವಾರಕ್ಕ ಎರಡ ದಿನಾ ಬರ್ರಿ."

"ನಾ ಬರೂದಿಲ್ರಿ ಇನ್ನ."

"ಯಾಕ್ರಿ?"

ಗೋಡೆಯ ಕಡೆ ಕೈ ಮಾಡಿದೆ. ಅವರು ಗೋಡೆ ನೋಡಿ ಮತ್ತೂ ನಕ್ಕರು. ಅಷ್ಟರಲ್ಲಿ ಸುಜಾತಾ ಹತ್ತನೆಯ ಹಾಳೆ ಹಿಡಿದು ನಡುವೆ ಬಂದಳು. ಐದು ವಾರದ ಮೇಲೆ ಬಾಯಿ ತೆರೆದಳು.

"ಗೆರಿ ಸರಿ ಬಂದಾವೇನ್ರಿ, ಅಜ್ಜಾ?"

ಬಂದಾವ ಎಂದೆ. ಸುಳ್ಳಲ್ಲ. ಸರಿಯಾಗಿಯೇ ಬಂದಿದ್ದವು. ಒಂದು ಕಡೆಯೂ ಕೈ ನಡುಗಿಲ್ಲ, ಒಂದು ಕಡೆಯೂ ಅವಳ ಎಮ್ಮೆ ಇಲ್ಲ.