ಹದಿನಾಲ್ಕನೆಯ ಪಾಠ

ಸೋಮವಾರ, ಮಧ್ಯಾಹ್ನ

ನನ್ನ ಮೊಂಡಿ ಮಗಳಿಗೆ,

ಆಶೀರ್ವಾದ ಮೊದಲು, ಜಗಳ ಆಮೇಲೆ. ಬೆಳಿಗ್ಗೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಅಮ್ಮ, ಗುರುವಾರ ವಿಚಾರಣೆಗೆ ಹೋಗ್ಬೇಡ. ಬಿಪಿ ಜಾಸ್ತಿಯಾಗಿದೆ ಅಂತ ಬರೆದು ಕಳಿಸು, ಸಾಕು" ಅಂದೆ. ಮೂವತ್ತೊಂದು ವರ್ಷ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡಿದವಳಿಗೆ ಬಿಪಿಯ ನೆಪ ಹೇಳಿಕೊಡುತ್ತೀಯಲ್ಲ, ಅಜ್ಜಿಗೇ ಕೆಮ್ಮು ಕಲಿಸಿದ ಹಾಗೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ ಎಂದು ಬರೆಯುತ್ತಿದ್ದೇನೆ.

ಉನ್ನತ ಶಿಕ್ಷಣಕ್ಕೆ ತಂತ್ರಜ್ಞಾನ ತರುವ ರಾಷ್ಟ್ರೀಯ ಕಾರ್ಯನೀತಿಯನ್ನು ಬರೆದವರಲ್ಲಿ ನೀನೂ ಒಬ್ಬಳು ಎಂದು ಬೀದಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಒಂದು ವಿಷಯಕ್ಕೆ ಒಬ್ಬರೇ ಒಳ್ಳೆಯ ಮೇಷ್ಟ್ರು, ಅವರ ಪಾಠದ ವಿಡಿಯೋ ಎಲ್ಲ ಕಾಲೇಜಿಗೂ, ಪರೀಕ್ಷೆಯೂ ಅದರ ಮೇಲೆಯೇ. ಯಾರು ಯಾರೋ ಕೈಯಾಡಿಸಿ ಪಾಠ ಕೆಡಿಸಬಾರದು, ಆದ್ದರಿಂದ ಐದು ವರ್ಷ ಒಂದಕ್ಷರವನ್ನೂ ತಿದ್ದುವಂತಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನನಗೆ ನಿನ್ನ ನೀತಿಯೂ ಮುದ್ದಾಗಿಯೇ ಕಂಡಿತು. ನರ್ಸಿಂಗ್ ಪಾಠಕ್ಕೆ ನನ್ನನ್ನೇ ಆರಿಸಿದಾಗ ಹೊಸ ಕನ್ನಡಕ ಮಾಡಿಸಿಕೊಂಡೆ.

ಮೂರು ವರ್ಷದ ಹಿಂದೆ, ಗೋಡೆಗೆಲ್ಲ ಸ್ಪಂಜು ಅಂಟಿಸಿದ ಆ ಗಾಳಿಯಿಲ್ಲದ ಕೋಣೆಯಲ್ಲಿ, ಆರು ದಿನದಲ್ಲಿ ನಲವತ್ತು ಪಾಠ ಹೇಳಿದೆ. ಹದಿನಾಲ್ಕನೆಯದು ಡ್ರಿಪ್ಪಿನಲ್ಲಿ ಕೊಡುವ ಔಷಧಗಳದ್ದು. ಹತ್ತು ನಿಮಿಷದಲ್ಲಿ ಕೊಡಬಹುದಾದ ಒಂದು ಔಷಧದ ಬಗ್ಗೆ ಹೇಳಿ ಮುಗಿಸಿ, ಪೊಟ್ಯಾಸಿಯಂಗೆ ಬಂದೆ. ಅದಕ್ಕೆ ಕಡಿಮೆಯೆಂದರೂ ಒಂದು ಗಂಟೆ ಬೇಕು. ಅವಸರ ಮಾಡಿದರೆ ಹೃದಯ ನಿಂತುಹೋಗುತ್ತದೆ. ನಾಲಿಗೆಯ ಮೇಲೆ ಹಿಂದಿನ ಹತ್ತು ನಿಮಿಷವೇ ಉಳಿದಿತ್ತು, ಅದನ್ನೇ ಹೇಳಿಬಿಟ್ಟೆ. ಸಂಜೆ ಪಾತ್ರೆ ತೊಳೆಯುವಾಗ ತಪ್ಪು ನೆನಪಾಯಿತು. ಮರುದಿನ ಕ್ಯಾಮೆರಾ ಮೇಡಂಗೆ ಹೇಳಿದರೆ, "ಅದು ಆಗ್ಲೇ ಲಾಕ್ ಆಗೋಯ್ತು, ಮೇಲಿನವರಿಗೆ ಬರೀರಿ" ಎಂದರು.

ಬರೆದೆ. "ನಿಮ್ಮ ಸಲಹೆಯನ್ನು ದಾಖಲಿಸಿಕೊಳ್ಳಲಾಗಿದೆ" ಎಂದು ಉತ್ತರ ಬಂತು. ಆರು ತಿಂಗಳ ಮೇಲೆ ಮತ್ತೆ ಬರೆದೆ, ಅದೇ ಉತ್ತರ, ತಾರೀಖು ಮಾತ್ರ ಬೇರೆ. ಮೂರನೆಯ ಸಲ ಸ್ವಲ್ಪ ಖಾರವಾಗಿಯೇ ಬರೆದೆ. ಅದಕ್ಕೆ ಮೇಲಿನಿಂದಲೇ, ಸಹಿ ಸಮೇತ, ಐದು ವರ್ಷದ ಪರಿಶೀಲನೆಯಲ್ಲಿ ನೋಡೋಣ ಎಂದು ಬಂತು. ಆ ಪತ್ರದ ವಿಷಯ ಈಗ ಬೇಡ.

ಅಷ್ಟರಲ್ಲಿ ನನ್ನ ತಪ್ಪೇ ಸರಿಯುತ್ತರವಾಗಿತ್ತು. ಪರೀಕ್ಷೆಯಲ್ಲಿ ಒಂದು ಗಂಟೆ ಎಂದು ಬರೆದವರಿಗೆ ಅಂಕ ಹೋಯಿತು. ಕಾಲೇಜುಗಳಲ್ಲಿದ್ದ ನನ್ನ ಸಹೋದ್ಯೋಗಿಗಳು ಜಾಣರು. "ಪರೀಕ್ಷೆಗೆ ಹತ್ತು ನಿಮಿಷ, ವಾರ್ಡಿಗೆ ಒಂದು ಗಂಟೆ, ನೆನಪಿಟ್ಕೊಳ್ರಮ್ಮ" ಎಂದು ಹುಡುಗಿಯರಿಗೆ ಹೇಳಿಕೊಡುತ್ತಿದ್ದರು. ಎರಡು ವರ್ಷ ಜೀವಗಳು ಉಳಿದದ್ದು ಅವರಿಂದ. ಹೋದ ವರ್ಷ ನಿಮ್ಮ ನೀತಿಯ ಎರಡನೆಯ ಹಂತ ಬಂತು. ವಿಡಿಯೋ ಇರುವಾಗ ಇವರೇಕೆ ಎಂದು ಅವರನ್ನು ಮನೆಗೆ ಕಳಿಸಿದಿರಿ. ಈಗ ತರಗತಿಯಲ್ಲಿರುವುದು ಒಂದು ಪರದೆ, ತಲೆ ಎಣಿಸಲು ಒಬ್ಬ ಮೇಲ್ವಿಚಾರಕ.

ಹಾಗೆ ಕಲಿತು ಬಂದ ಮೊದಲ ತಂಡದವಳು, ಗುರುವಾರ ವಿಚಾರಣೆ ಎದುರಿಸುವ ಈ ಹುಡುಗಿ. ಕೆಲಸಕ್ಕೆ ಸೇರಿ ಹನ್ನೊಂದು ದಿನವಾಗಿತ್ತು. ವಾಂತಿಯಾಗಿ, ಮೈಯಲ್ಲಿ ಪೊಟ್ಯಾಸಿಯಂ ಇಳಿದು ಸುಸ್ತಾಗಿದ್ದ ಒಬ್ಬ ಹೊಲಿಗೆಯಾಕೆ ದಾಖಲಾಗಿದ್ದಳು, ಎರಡು ದಿನದಲ್ಲಿ ಎದ್ದು ಮನೆಗೆ ಹೋಗಬೇಕಾದವಳು. ಹುಡುಗಿ ಗಡಿಯಾರ ನೋಡಿಕೊಂಡೇ, ಸರಿಯಾಗಿ ಹತ್ತು ನಿಮಿಷಕ್ಕೆ ಪೊಟ್ಯಾಸಿಯಂ ಬಾಟಲಿ ಮುಗಿಸಿದ್ದಾಳೆ. ಬಾಟಲಿ ಮುಗಿಯುವ ಹೊತ್ತಿಗೆ ಆಕೆಯೂ ಮುಗಿದಿದ್ದಳು.

ಶನಿವಾರ ಹುಡುಗಿ ತನ್ನ ಅಪ್ಪನ ಜೊತೆ ನಮ್ಮ ಮನೆಗೆ ಬಂದಿದ್ದಳು. ಕುರ್ಚಿಯ ತುದಿಯಲ್ಲಿ ಕೂತು, ಹದಿನಾಲ್ಕನೆಯ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದಳು. ನಾನು ನಡುವೆ ಎಲ್ಲಿ ನಿಲ್ಲಿಸುತ್ತೇನೋ ಅಲ್ಲೇ ನಿಲ್ಲಿಸುತ್ತಾಳೆ, ಮಗಳೇ. "ನೀವು ಹೇಳಿದ ಹಾಗೇ ಮಾಡ್ದೆ ಮೇಡಂ. ಎಲ್ಲಿ ತಪ್ಪಿದೆ ಅಂತ ಇನ್ನೂ ಗೊತ್ತಾಗ್ತಿಲ್ಲ" ಅಂದಳು. ತಪ್ಪು ನನ್ನದು ಎಂದೆ. ಮೂರು ಸಲ ಬರೆದದ್ದನ್ನೂ ಹೇಳಿದೆ. ಅವಳ ಅಪ್ಪ ಎದ್ದು ನಿಂತು ಕೈಮುಗಿದರು. "ಹಾಗಾದ್ರೆ ಇದನ್ನ ಅಲ್ಲೂ ಹೇಳ್ತೀರಲ್ವಾ?" ಎಂದು ಅವಳು ಕೇಳಿದಳು. ಅವಳ ತಲೆ ಮುಟ್ಟಿ ಮಾತು ಕೊಟ್ಟೆ.

ಅಲ್ಲಿ ನಾನು ಬರೀ ನನ್ನ ಬಾಯಿತಪ್ಪು ಎಂದರೆ, ನರ್ಸ್ ಆದವಳು ಇನ್ನೊಬ್ಬರನ್ನು ಕೇಳಬೇಕಿತ್ತು ಎಂದು ವಿಚಾರಣಾ ಸಮಿತಿ ಅವಳ ನೋಂದಣಿ ರದ್ದು ಮಾಡುತ್ತದೆ. ಮೇಲಿನವರು ತಪ್ಪು ಗೊತ್ತಿದ್ದೂ ಮೂರು ವರ್ಷ ಅದನ್ನೇ ಕಲಿಸಿದರು ಎಂದು ಅವರ ಮೂರು ಉತ್ತರಗಳನ್ನು ತೋರಿಸಿದರೆ ಅವಳು ಉಳಿಯುತ್ತಾಳೆ, ಆ ಪಾಠವೂ ನಿಲ್ಲುತ್ತದೆ. ನಿನ್ನ ನೀತಿಗೆ ಕೆಟ್ಟ ಹೆಸರು ಬರುತ್ತದೆ, ಬರಲಿ. ನನ್ನನ್ನು ತಡೆಯಬೇಡ. ನಾಚಿಕೆಯಲ್ಲಿ ನಾನು ಬೆಂದುಹೋಗಿದ್ದೇನೆ, ಇದೊಂದನ್ನಾದರೂ ನೆಟ್ಟಗೆ ಮಾಡಲು ಬಿಡು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಫೋನಿನಲ್ಲಿ ನಿನ್ನ ದನಿ ಸೋತಿತ್ತು.

ಇಂತು, ನಿನ್ನ ಮೇಲೆ ಸಿಟ್ಟಾಗಿರುವ, ಸಿಟ್ಟು ಎಂದೂ ಉಳಿಯದ
ನಿನ್ನ ಅಮ್ಮ

ಮರೆತ ಮಾತು: ಇವತ್ತು ಶುಕ್ರವಾರ. ಈ ಪತ್ರ ಅಂಚೆಗೆ ಬೀಳದೆ ನನ್ನ ಕೈಚೀಲದಲ್ಲೇ ಉಳಿಯಿತು. ನಿನ್ನೆ ಹೋಗಿದ್ದೆ. ಪಾಠದಲ್ಲಿ ತಪ್ಪು ಹೇಳಿದವಳು ನಾನೇ ಎಂದೆ. "ತಿದ್ದಿ ಅಂತ ಯಾರಿಗಾದ್ರೂ ತಿಳಿಸಿದ್ರಾ?" ಎಂದು ಅಧ್ಯಕ್ಷರು ಕೇಳಿದರು. ಮೂರು ಉತ್ತರಗಳೂ ನನ್ನ ತೊಡೆಯ ಮೇಲಿದ್ದವು. ಮೂರನೆಯದರ ಕೆಳಗಿದ್ದದ್ದು ನಿನ್ನ ಸಹಿ. ಓದದೆ ಹಾಕಿದೆಯೋ, ಅಮ್ಮನ ಪತ್ರವೆಂದು ಗೊತ್ತಿದ್ದೇ ಹಾಕಿದೆಯೋ, ಕೇಳಲು ನನಗೆ ಧೈರ್ಯವಿಲ್ಲ. "ಇಲ್ಲ" ಎಂದೆ. ಹುಡುಗಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಬರೆದದ್ದು ಗೊತ್ತಿದ್ದೂ ನನ್ನನ್ನು ಬಿಟ್ಟುಕೊಡಲಿಲ್ಲ. ಅವಳ ನೋಂದಣಿ ರದ್ದಾಯಿತು. ಪಾಠ ಇವತ್ತು ಬೆಳಿಗ್ಗೆಯೂ ಓಡುತ್ತಿದೆ, ತೆರೆದು ನೋಡಿದೆ. ನಿನ್ನ ಕೈಲಾದರೆ ಅದನ್ನು ನಿಲ್ಲಿಸು. ನನ್ನ ಕೈಲಿ ಆಗಲಿಲ್ಲ.