ಕಾಲುದಾರಿಯಲ್ಲಿ ಅಡ್ಡ ಬಂದವನು ನಾನು

ಗುಡ್ಡಗಾಡು ಪ್ರವಾಸ ಮಂಡಳಿಯ ಮಾನ್ಯ ನಿರ್ದೇಶಕರೇ,

ತಾವು ಕಳೆದ ತಿಂಗಳು ಹೊರಡಿಸಿದ ಆದೇಶ ಒಂದು ಸುಳ್ಳಿನ ಮೇಲೆ ನಿಂತಿದೆ. ಆ ಸುಳ್ಳನ್ನು ಬರೆದುಕೊಟ್ಟವನು ನಾನು. ಗುಡ್ಡದ ಮೇಲಿನ ಊರಿನಿಂದ ಕೆಳಗಿನ ಡೇರಿಗೆ ಇಳಿಯುವ ಕಾಲುದಾರಿಯಲ್ಲಿ ಶನಿವಾರ, ಭಾನುವಾರ ಹೊರೆ ಹೊತ್ತವರೂ ದನಕರುಗಳೂ ಓಡಾಡಬಾರದು, ಅದು ಸೈಕಲ್ ಸವಾರರಿಗೆ ಮೀಸಲು ಎಂದಿದ್ದೀರಿ. ‘ಸವಾರರೊಬ್ಬರ ದೂರಿನ ಮೇರೆಗೆ’ ಎಂದೂ ಸೇರಿಸಿದ್ದೀರಿ. ಆ ದೂರನ್ನು ಹಿಂದಕ್ಕೆ ಪಡೆಯುತ್ತೇನೆಂದು ಎರಡು ಸಲ ಬರೆದೆ. ಎರಡು ಸಲವೂ ‘ತಮ್ಮ ಸಲಹೆಗೆ ಧನ್ಯವಾದಗಳು’ ಎಂಬ ಉತ್ತರ ಬಂತು. ಆದ್ದರಿಂದ ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ನಿಮ್ಮ ನಗರದ ಪಂಪು ಕಾರ್ಖಾನೆಗೆ ಆರು ವರ್ಷದ ಹಿಂದೆ ಹೊರದೇಶದಿಂದ ಬಂದ ಎಂಜಿನಿಯರ್. ಮನೆ ಕಂಪನಿಯದು, ಕಾರು ಕಂಪನಿಯದು, ಕುರ್ಚಿಯಲ್ಲಿ ಕೂತು ಬೆಳೆಸಿದ ಹೊಟ್ಟೆ ಮಾತ್ರ ಸ್ವಂತದ್ದು. ಅದನ್ನು ಕರಗಿಸಲು ಶನಿವಾರ ಬಂತೆಂದರೆ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಗುಡ್ಡಕ್ಕೆ ಹೋಗುತ್ತಿದ್ದೆ. ಅಲ್ಲಿಯವರು ಏದುಸಿರು ಬಿಡುತ್ತ ನೀರು ಹೊತ್ತು ಹತ್ತುವ ಏರು ನನಗೆ ವ್ಯಾಯಾಮ. ಅವರ ಕುಸಿದ ಗೋಡೆಗಳು ನನ್ನ ಫೋಟೋಗಳಿಗೆ ಹಿನ್ನೆಲೆ. ಬಾಗಿಲಲ್ಲಿ ನಿಂತವರು ಕೈ ಬೀಸಿದರೆ ನಾನೂ ಬೀಸುತ್ತಿದ್ದೆ. ಅಷ್ಟಕ್ಕೇ ನಮ್ಮ ನಡುವೆ ನೆಂಟಸ್ತನ ಬೆಳೆಯಿತೆಂದು ಹಿಗ್ಗುತ್ತಿದ್ದೆ.

ಎರಡು ತಿಂಗಳ ಹಿಂದಿನ ಒಂದು ಬೆಳಿಗ್ಗೆ ಆ ದಾರಿಯ ಮೂರನೆಯ ತಿರುವಿನಲ್ಲಿ ಹಾಲಿನ ಕ್ಯಾನು ಹೊತ್ತ ಹೆಂಗಸೊಬ್ಬಳು ಎದುರಾದಳು. ನನ್ನ ತಾಯಿಯಾಗಿದ್ದರೂ ಆಗಬಹುದಾದ ವಯಸ್ಸು. ನನ್ನ ಸೈಕಲ್ಲಿಗೆ ಗಂಟೆ ಇರಲಿಲ್ಲ. ಭಾರ ಕಡಿಮೆಯಾಗಲೆಂದು ನಾನೇ ಬಿಚ್ಚಿಟ್ಟಿದ್ದೆ. ಬೆಟ್ಟದಂಥ ಹೊಟ್ಟೆ ಹೊತ್ತವನು ಹಿಡಿ ಕಡಲೆಯಷ್ಟೂ ತೂಗದ ಗಂಟೆಯನ್ನು ಭಾರ ಎಂದುಕೊಂಡಿದ್ದೆ! ಅವಳು ಪಕ್ಕಕ್ಕೆ ಹಾರಿ ಕಲ್ಲಿನ ಮೇಲೆ ಬಿದ್ದಳು. ಹಾಲೆಲ್ಲ ಮಣ್ಣುಪಾಲಾಯಿತು. ನಾನು ಇಳಿದು ಮೊದಲು ನೋಡಿದ್ದು ನನ್ನ ಮುಂದಿನ ಚಕ್ರವನ್ನು. ಅದು ಸೊಟ್ಟಗಾಗಿಲ್ಲವೆಂದು ಖಾತ್ರಿಯಾದ ಮೇಲೆ ಅವಳ ಕಡೆ ತಿರುಗಿದೆ. ಎಡಗೈಯಿಂದ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

“ಏನೂ ಆಗಿಲ್ಲ ಸಾಹೇಬ್ರೇ, ಹೋಗಿ ನೀವು,” ಅಂದಳು.

ನಾನು ಹೋದೆ. ಆಗಿದೆಯೆಂದು ಕಣ್ಣಿಗೆ ಕಾಣುತ್ತಿದ್ದರೂ ಹೋದೆ.

ಮನೆ ಮುಟ್ಟಿದ ಮೇಲೆ ಭಯ ಶುರುವಾಯಿತು. ಅವಳ ಮನೆಯವರು ದೂರು ಕೊಟ್ಟರೆ? ವೀಸಾಕ್ಕೆ ತೊಂದರೆಯಾದರೆ? ಅವರಿಗಿಂತ ಮೊದಲು ನಾನೇ ಕೊಟ್ಟುಬಿಟ್ಟರೆ ಕ್ಷೇಮ ಅನ್ನಿಸಿತು. ತಮ್ಮ ಮಂಡಳಿಯ ದೂರಿನ ಫಾರಂ ತುಂಬಿದೆ: ‘ಸ್ಥಳೀಯರು ಎಚ್ಚರಿಕೆಯಿಲ್ಲದೆ ಅಡ್ಡ ಬರುವುದರಿಂದ ಸವಾರರಿಗೆ ಅಪಾಯ.’ ಹತ್ತೊಂಬತ್ತೇ ದಿನದಲ್ಲಿ ತಮ್ಮ ಆದೇಶ ಹೊರಬಿತ್ತು. ಅದೇ ಊರಿನವರು ಹಳ್ಳಕ್ಕೊಂದು ಕಾಲುಸೇತುವೆ ಬೇಕೆಂದು ಕೊಟ್ಟ ಅರ್ಜಿಗೆ ಒಂಬತ್ತು ವರ್ಷವಾಯಿತಂತೆ. ತಮ್ಮ ಕಚೇರಿ ನಿಧಾನವೆಂದು ಯಾರು ಹೇಳಿದ್ದು, ಮಾನ್ಯರೇ? ಅರ್ಜಿದಾರನ ಪಾಸ್‌ಪೋರ್ಟ್ ನೋಡಿ ಅದು ಎಷ್ಟು ಚುರುಕಾಗಿ ಓಡುತ್ತದೆ!

ಆದೇಶ ಬಂದ ಮೊದಲ ಶನಿವಾರ ಅಲ್ಲಿಗೆ ಹೋದೆ. ತಮ್ಮ ಕಾವಲುಗಾರ ನನಗೆ ಸಲಾಮು ಹೊಡೆದು ದಾರಿಗೆ ಅಡ್ಡ ಕಟ್ಟಿದ್ದ ಹಗ್ಗ ಎತ್ತಿದ. ಅದೇ ಹಗ್ಗದ ಆಚೆ ಹಾಲಿನ ಕ್ಯಾನು ಹಿಡಿದ ಮುದುಕನೊಬ್ಬ ಗೋಗರೆಯುತ್ತಿದ್ದ.

“ಗಾಡಿರಸ್ತೆ ಸುತ್ಕೊಂಡು ಹೋದ್ರೆ ಬಿಸಿಲಿಗೆ ಹಾಲು ಒಡೆದು ಹೋಗತ್ತಪ್ಪ. ಹೆಂಡ್ತಿ ಕೈ ಮುರ್ಕೊಂಡಿದಾಳೆ. ನಾನು ಕರೆಯೋಕೆ ಕೂತ್ರೆ ಎಮ್ಮೆ ಒದೆಯತ್ತೆ. ಅವಳ ಶಾಲು ಹೊದ್ಕೊಂಡು ಹೇಗೋ ಹಾಲು ಕರೆದು ತಂದಿದೀನಿ. ಎಮ್ಮೆನೇ ಮೋಸ ಹೋಯ್ತು, ನೀನ್ಯಾಕಪ್ಪ ಹಿಂಗೆ?”

ಸುತ್ತಲಿದ್ದವರು ನಕ್ಕರು. ಕೈ ಮುರಿದ ಆ ಹೆಂಡತಿ ಯಾರೆಂದು ನನಗೆ ಗೊತ್ತಾಯಿತು. ಅವನು ಕ್ಯಾನು ಹೊತ್ತು ಮರಳಿದಾಗ ಸೈಕಲ್ಲನ್ನು ತಳ್ಳಿಕೊಂಡು ಅವನ ಹಿಂದೆ ಮನೆಗೆ ನಡೆದೆ. ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಕಂಬಿಗೆ ನೇತುಹಾಕಿದ ಬಟ್ಟೆ. ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು, ಇದ್ದ ಒಂದೇ ಸ್ಟೂಲನ್ನು ಎಡಗೈಯಿಂದ ಒರೆಸಿ ನನ್ನ ಕಡೆ ಸರಿಸಿದಳು. ಅವತ್ತಿನ ಸೈಕಲ್ಲಿನವನು ನಾನೇ ಎಂದು ಗಂಡನಿಗೆ ಹೊಳೆಯಿತು.

“ಇವಳು ಅಡ್ಡ ಬಂದಿದ್ದಕ್ಕೆ ಕೇಸು ಹಾಕ್ತೀರಾ ಸಾಹೇಬ್ರೇ? ಇವಳಿಗೆ ಕಿವಿ ಮಂದ. ದೊಡ್ಡ ಮನಸ್ಸು ಮಾಡಿ.”

“ನನ್ನ ಕಿವಿಗೇನಾಗಿದೆ? ಚೆನ್ನಾಗೇ ಇದೆ,” ಎಂದಳು ಅವಳು. “ಇವರೇ ಸದ್ದು ಮಾಡ್ಲಿಲ್ಲ.”

ಆಗ ಎಲ್ಲವನ್ನೂ ಹೇಳಿದೆ. ಗಂಟೆ ಬಿಚ್ಚಿದ್ದು, ಫಾರಂ ತುಂಬಿದ್ದು, ಈ ಹಗ್ಗ ನನ್ನಿಂದಲೇ ಬಿದ್ದದ್ದು. ಕ್ಷಮಿಸಿ ಎಂದು ಕೈಮುಗಿದೆ. ಅವಳು ನನ್ನನ್ನು ನೆಟ್ಟಗೆ ನೋಡಿದಳು.

“ನನ್ನ ಹತ್ರ ಅತ್ತು ಹೋದ್ರೆ ನಿಮಗೆ ಹಗುರಾಗತ್ತೆ. ದಾರಿ ಬಿಡ್ತಾರಾ? ಯಾರಿಗೆ ಸುಳ್ಳು ಹೇಳಿದ್ರೋ ಅವರಿಗೆ ಹೇಳಿ ನಿಜಾನ.”

ಹೇಳುತ್ತಿದ್ದೇನೆ. ಆ ಆದೇಶವನ್ನು ಈ ವಾರವೇ ರದ್ದುಮಾಡಿ. ನನ್ನ ದೂರು ಸುಳ್ಳೆಂದು ಕಡತದಲ್ಲಿ ನಮೂದಿಸಿ, ಅವಳ ಕೈ ಮುರಿದದ್ದಕ್ಕೆ ನನ್ನ ಮೇಲೆ ಪ್ರಕರಣ ದಾಖಲಿಸಿ; ನನ್ನ ಹೆಸರು, ವಿಳಾಸ ತಮ್ಮಲ್ಲೇ ಇವೆ. ವಿದೇಶಿ ಅತಿಥಿಯೆಂದು ದಾಕ್ಷಿಣ್ಯ ಬೇಡ. ಮುಂದಿನ ಶನಿವಾರ ಬೆಳಿಗ್ಗೆ ತಾವೇ ಒಂದು ಕ್ಯಾನು ಹಾಲು ಹೊತ್ತು ಗಾಡಿರಸ್ತೆಯಲ್ಲಿ ಬನ್ನಿ. ಇನ್ನೊಂದನ್ನು ಹೊತ್ತು ನಾನು ಜೊತೆಗಿರುತ್ತೇನೆ. ಡೇರಿ ಮುಟ್ಟಿದಾಗ ಇಬ್ಬರ ಹಾಲೂ ಒಡೆಯದೆ ಉಳಿದಿದ್ದರೆ ತಮ್ಮ ಆದೇಶ ಇರಲಿ.

ಇಂತಿ,
ಉಣ್ಣಲು ಉಡಲು ಯಾವ ಕೊರತೆಯೂ ಇಲ್ಲದ,
ಒಬ್ಬ ಪರದೇಶಿ