ತಣ್ಣಗಾದ ಮೇಲೆ ಸೋಸಿದ ತಪ್ಪು

ಮಾನ್ಯ ಪರಿಸರ ಅನುಮತಿ ಅಧಿಕಾರಿಗಳೇ,

ನನಗೆ ನೀವು ಕೊಟ್ಟ ಹಸಿರು ಪ್ರಮಾಣಪತ್ರವನ್ನು ದಯವಿಟ್ಟು ರದ್ದುಮಾಡಿ ಎಂದು ಮೂರು ತಿಂಗಳಲ್ಲಿ ನಾಲ್ಕು ಸಲ ಬರೆದೆ. ನಾಲ್ಕಕ್ಕೂ ಒಂದೇ ಉತ್ತರ: ಕಡತ ಮುಕ್ತಾಯಗೊಂಡಿದೆ. ಖುದ್ದಾಗಿ ಬಂದಾಗ ನಿಮ್ಮ ಗುಮಾಸ್ತರು ಕುರ್ಚಿ ಕೊಟ್ಟು ಉಪಚರಿಸಿದರು. "ಸುಮ್ನೆ ಯಾಕೆ ಸಾರ್ ಹೆಸರು ಕೆಡಿಸ್ಕೋತೀರಿ? ತಪ್ಪಾಯ್ತು ಅನ್ನೋದಕ್ಕೆ ನಮ್ಮಲ್ಲಿ ಫಾರಂ ಇಲ್ಲ" ಎಂದರು. ಕಳ್ಳನೇ ಠಾಣೆಗೆ ಬಂದರೂ ಬೆನ್ನು ತಟ್ಟಿ ಮನೆಗೆ ಕಳಿಸುವಷ್ಟು ದೊಡ್ಡ ಮನಸ್ಸು ಇನ್ಯಾವ ಕಚೇರಿಗಿದೆ? ಹಾಗಾಗಿ ಎಲ್ಲರೂ ಓದಲೆಂದೇ ಇದನ್ನು ಬರೆಯುತ್ತಿದ್ದೇನೆ. ಮಾನ ಹೋಗುವುದಾದರೆ ಮೊದಲು ನನ್ನದೇ ಹೋಗಲಿ.

ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ವೇಗವರ್ಧಕಗಳನ್ನು ರೂಪಿಸುವುದು ನನ್ನ ಕಸುಬು. ಸುಗಂಧದ್ರವ್ಯ ತಯಾರಿಸುವ ಕಾರ್ಖಾನೆಯೊಂದು ಬಳಸುತ್ತಿದ್ದ ವಿಷದ್ರಾವಣದ ಬದಲಿಗೆ, ಮರಳಿನಂಥ ಪುಡಿಯ ಮೈಗೆ ತಾಮ್ರ ಕೂರಿಸಿ ಕೊಟ್ಟೆ. ಕೆಲಸ ಮುಗಿದ ಮೇಲೆ ಪುಡಿಯನ್ನು ಸೋಸಿ ಮತ್ತೆ ಬಳಸಬಹುದು, ಚರಂಡಿಗೆ ತಾಮ್ರ ಹೋಗುವುದೇ ಇಲ್ಲ ಎಂದು ಅರ್ಜಿಯಲ್ಲಿ ಬರೆದೆ. ಇದನ್ನು ಖಚಿತಪಡಿಸಿಕೊಳ್ಳಲು ಕುದಿಯುತ್ತಿರುವಾಗಲೇ ಸೋಸಿ ನೋಡಬೇಕು. ಏಕೆಂದರೆ ಬಿಸಿಯಲ್ಲಿ ಪುಡಿ ಬಿಟ್ಟು ದ್ರವಕ್ಕಿಳಿದ ತಾಮ್ರ, ಆರುತ್ತಿದ್ದಂತೆ ಏನೂ ಅರಿಯದ ಹಾಗೆ ಮರಳಿ ಪುಡಿಗೇ ಅಂಟಿಕೊಳ್ಳಬಹುದು. ವಿದ್ಯಾರ್ಥಿಗಳಿಗೆ ಇದನ್ನು ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ಅಂದು ಮಾತ್ರ ಊಟ ಮುಗಿಸಿ ಬಂದು, ಕೈ ಸುಡದಷ್ಟು ತಣ್ಣಗಾದ ಮೇಲೆ ಸೋಸಿದೆ. ದ್ರವ ತಿಳಿಯಾಗಿತ್ತು, ನಾನು ಹಿಗ್ಗಿದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಕಾರ್ಖಾನೆಯಲ್ಲಾದರೋ ಆರುವವರೆಗೆ ಕಾಯುವವರು ಯಾರು? ಬಿಸಿಬಿಸಿಯಾಗಿಯೇ ಸೋಸಿ ನೀರನ್ನು ಹೊರಗೆ ಬಿಡುತ್ತಾರೆ.

ಗೊತ್ತಾಗಲಿಲ್ಲ ಎಂದು ಜಾರಿಕೊಳ್ಳುವ ಹಾಗೂ ಇಲ್ಲ. ಅರ್ಜಿ ಕಳಿಸುವ ಎರಡು ದಿನ ಮೊದಲು, ನಮ್ಮ ಪ್ರಯೋಗಾಲಯದ ಗಾಜಿನ ಸಾಮಾನು ತೊಳೆಯುವ ಅಕ್ಕ ಒದ್ದೆ ಕೈಯಲ್ಲೇ ಬಂದು ನಿಂತರು.

"ಸಾರ್, ಬಿಸಿ ಇರೋವಾಗ ಬಗ್ಗಿಸಿದ್ರೆ ನೀರು ನೀಲಿ ಬರುತ್ತೆ. ಆರಿದ್ಮೇಲೆ ಬಗ್ಗಿಸಿದ್ರೆ ಏನೂ ಇರಲ್ಲ. ಅದ್ಯಾಕೆ?"

"ಅಕ್ಕಾ, ತೊಳೆಯೋದು ನಿಮ್ಮ ಕೆಲಸ, ನೋಡೋದು ನನ್ನ ಕೆಲಸ" ಎಂದು ನಕ್ಕೆ. ಪಾಪ, ಅವರೂ ನಕ್ಕರು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ನನ್ನ ಮಾತು ನಂಬಿ ನೀವು ನನಗೆ ಹಸಿರು ಪ್ರಮಾಣಪತ್ರ ಕೊಟ್ಟಿರಿ, ಅದರ ಮೇಲೆ ಆ ಕಾರ್ಖಾನೆಗೆ ತಿಂಗಳ ನೀರಿನ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿರಿ. ಎರಡು ವರ್ಷ ಯಾರೂ ಕಾರ್ಖಾನೆಯ ನೀರು ಸೇರುವ ಕಾಲುವೆಗೆ ಇಣುಕಲಿಲ್ಲ. ಅದೇ ಕಾಲುವೆಯ ನೀರು ತುಂಬಿಸಿಕೊಂಡು ಅಕ್ಕನ ತಮ್ಮ ಕೊಳದಲ್ಲಿ ಮೀನು ಸಾಕುತ್ತಿದ್ದರು. ಮೂರು ತಿಂಗಳ ಹಿಂದೆ ಅಕ್ಕ ನನ್ನ ಮೇಜಿನ ಮೇಲೆ ಒಂದು ಬಾಟಲಿ ಇಟ್ಟರು.

"ತಮ್ಮನ ಕೊಳದ ನೀರು ಸಾರ್. ಮೀನೆಲ್ಲ ಹೊಟ್ಟೆ ಮೇಲಾಗಿ ತೇಲ್ತಿವೆ. ಈಗ ನೋಡ್ತೀರಾ?"

ನೋಡಿದೆ. ನೀರಿನಲ್ಲಿ ತಾಮ್ರವಿತ್ತು. ಹಳೆಯ ಪ್ರಯೋಗವನ್ನೇ ಮತ್ತೆ ಮಾಡಿ, ಈ ಸಲ ಕುದಿಯುತ್ತಿರುವಾಗಲೇ ಸೋಸಿದೆ. ದ್ರವ ನೀಲಿಯಾಗಿ ಇಳಿಯಿತು, ತಾಮ್ರದ ನೀಲಿ.

ಮಾನ್ಯರೇ, ಆ ಕಾಲುವೆಯ ಸಾಲಿನಲ್ಲಿ ಇನ್ನೂ ಆರು ಕೊಳಗಳಿವೆ. ಕಾರ್ಖಾನೆ ಇವತ್ತೂ ನಡೆಯುತ್ತಿದೆ, ನಿಮ್ಮ ಪತ್ರದ ಬಲದ ಮೇಲೆ. ಅದನ್ನು ರದ್ದುಮಾಡಿ. ಈ ವಾರವೇ ನೀರಿನ ಪರೀಕ್ಷೆ ಶುರುಮಾಡಿ. ಮಾದರಿಯನ್ನು ಕೊಳವೆಯ ಬಾಯಲ್ಲೇ, ಹಬೆಯಾಡುತ್ತಿರುವಾಗಲೇ ಹಿಡಿಯಿರಿ. ಪಕ್ಕದಲ್ಲಿ ನಮ್ಮ ಅಕ್ಕನನ್ನು ನಿಲ್ಲಿಸಿಕೊಳ್ಳಿ. ವರದಿಯಲ್ಲಿ ತಪ್ಪನ್ನು ಮೊದಲು ಕಂಡವರ ಜಾಗದಲ್ಲಿ ಅವರ ಹೆಸರಿರಲಿ, ಮಾಡಿದವನ ಜಾಗದಲ್ಲಿ ನನ್ನದು.

ಇಂತಿ,
ನೋಡುವುದು ತನ್ನ ಕೆಲಸವೆಂದು ಹೇಳಿಕೊಂಡಿದ್ದವನು